ಸಿಂಪಲ್ ಪಾಸ್ಟ್ ಅಲ್ವಾ ಸರ್?

ಹೋದ ವರ್ಷದ ಜುಲೈನಿಂದ ನಾನು ಶನಿವಾರ ಬೆಳಗ್ಗೆ ಒಂದು ಸರ್ಕಾರಿ ಶಾಲೇಲಿ ಏಳನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತಿದ್ದೀನಿ. ಶಾಲೆ ಇರೋದು ನಮ್ಮ ಆಫೀಸಿನ ಗಾಜಿನ ಕಟ್ಟಡದ ಬೆನ್ನಿಗೆ. ಮಕ್ಕಳಲ್ಲಿ ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯವರು. ಅಪ್ಪ ಅಮ್ಮ ಇಲ್ಲಿನ ಕಟ್ಟಡಗಳ ಕೆಲಸಕ್ಕೆ ಬಂದವರು. ಉಳಿದವರಲ್ಲಿ ತೆಲುಗು, ತಮಿಳು ಮನೆಮಾತಿನವರಿದ್ದಾರೆ. ಆದ್ರೆ ಎಲ್ಲರೂ ಜಗಳ ಆಡೋದು ಮಾತ್ರ ಕನ್ನಡದಲ್ಲೇ.

ನಾನು ಮೇಷ್ಟ್ರಲ್ಲ. ಅರಸೀಕೆರೆ ಕಡೆಯ ಕನ್ನಡ ಮೀಡಿಯಂ ಹುಡುಗ, ಈಗ ಕೋಡ್ ಬರೆಯೋನು. ಪಾಠ ಮಾಡೋಕೆ ಹೊರಟಾಗ ನನ್ನ ಹತ್ರ ಇದ್ದ ಆಯುಧ ಒಂದೇ, ಕೆಂಪು ರಟ್ಟಿನ ರೆನ್ ಅಂಡ್ ಮಾರ್ಟಿನ್. ಪಿಯುಸಿ ಮುಗಿಸಿದ ರಜೇಲಿ ಅದನ್ನ ಅಪ್ಪ ತಂದುಕೊಟ್ಟಿದ್ರು. ಇಂಗ್ಲಿಷ್ ಬರಬೇಕು ಅಂದ್ರೆ ಇದನ್ನ ಅರೆದು ಕುಡೀಬೇಕು ಅಂತ ಅವರಿಗೆ ಯಾರೋ ಹೇಳಿದ್ರಂತೆ. ನಾನು ಕುಡಿದೆ. ಆಮೇಲೂ ಮೊದಲ ಇಂಟರ್ವ್ಯೂನಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದಾಗ ಬಾಯಿ ಒಣಗಿ ಕೂತಿದ್ದೆ. ಅದು ಬೇರೆ ಕತೆ. ಬೇರೆ ಕತೆ ಅಂತ ಆಗ ಅಂದುಕೊಂಡಿದ್ದೆ, ಅಷ್ಟೆ.

ಮೊದಲ ಎರಡು ತಿಂಗಳು ಟೆನ್ಸ್ ಮಾಡಿದೆ. ಬೋರ್ಡಿನ ಮೇಲೆ ಹನ್ನೆರಡು ಖಾನೆಯ ಕೋಷ್ಟಕ. ಪ್ರೆಸೆಂಟು, ಪಾಸ್ಟು, ಫ್ಯೂಚರು ಅಡ್ಡಕ್ಕೆ. ಸಿಂಪಲ್ಲು, ಕಂಟಿನ್ಯುಯಸ್ಸು, ಪರ್ಫೆಕ್ಟು, ಪರ್ಫೆಕ್ಟ್ ಕಂಟಿನ್ಯುಯಸ್ಸು ಉದ್ದಕ್ಕೆ. ಮಕ್ಕಳು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಬಿಟ್ಟ ಸ್ಥಳ ತುಂಬಿದರು. ಯಾದಗಿರಿಯ ಒಬ್ಬ ಹುಡುಗಿಗೆ ಹತ್ತಕ್ಕೆ ಹತ್ತು ಬಂತು. ನನಗೆ ಒಳಗೊಳಗೇ ಜಂಬ.

ಆಮೇಲೆ ಒಂದು ಶನಿವಾರ ನಮ್ಮ ಜೊತೆಗೆ ಕೆಲಸ ಮಾಡೋ, ಕನ್ನಡ ಬಾರದ ಗೆಳತಿಯೊಬ್ಬಳು ಶಾಲೆ ನೋಡೋಕೆ ಬಂದಳು. ಹತ್ತಕ್ಕೆ ಹತ್ತರ ಹುಡುಗಿಯ ಪಕ್ಕ ಕೂತು, ಪ್ರೀತಿಯಿಂದಲೇ, ನಿನ್ನೆ ಏನು ಮಾಡಿದೆ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಹುಡುಗಿ ಎದ್ದು ನಿಂತಳು. ಸೂರು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಪಿಸುಮಾತಲ್ಲಿ ಕೇಳಿದಳು: ‘ಸಿಂಪಲ್ ಪಾಸ್ಟ್ ಅಲ್ವಾ ಸರ್?’

ಹೌದು, ಸಿಂಪಲ್ ಪಾಸ್ಟೇ. ಆ ಪ್ರಶ್ನೆಗೆ ಉತ್ತರ ಯಾವ ಖಾನೆಯಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಉತ್ತರ ಗೊತ್ತಿರಲಿಲ್ಲ. ನಿನ್ನೆ ಅವಳು ತಮ್ಮನಿಗೆ ಸ್ನಾನ ಮಾಡಿಸಿದ್ದಳು, ನೀರಿನ ಟ್ಯಾಂಕರಿಗೆ ಕಾದಿದ್ದಳು, ಅನ್ನ ಮಾಡಿದ್ದಳು. ಇದನ್ನೆಲ್ಲ ಆಮೇಲೆ ಕನ್ನಡದಲ್ಲಿ ಕೈ ಆಡಿಸಿಕೊಂಡು ಹೇಳಿದಳು. ಅದರಲ್ಲಿ ಒಂದು ವಾಕ್ಯಕ್ಕೂ ನನ್ನ ಎರಡು ತಿಂಗಳ ಪಾಠದಲ್ಲಿ ಜಾಗ ಇರಲಿಲ್ಲ.

ಅವತ್ತು ರಾತ್ರಿ ಆ ಕೆಂಪು ಪುಸ್ತಕಾನ ಮೊದಲ ಸಲ ವಿಮರ್ಶೆಯ ಕಣ್ಣಲ್ಲಿ ಓದೋಕೆ ಶುರುಮಾಡಿದೆ.

ಪರ್ಸಿವಲ್ ಕ್ರಿಸ್ಟೋಫರ್ ರೆನ್ ಅನ್ನೋನು ನಿಜಕ್ಕೂ ಕಾದಂಬರಿಕಾರ. ಫ್ರೆಂಚ್ ಫಾರಿನ್ ಲೀಜನ್ ಬಗ್ಗೆ 1924ರಲ್ಲಿ ‘ಬೋ ಜೆಸ್ಟ್’ ಅನ್ನೋ ಸಾಹಸದ ಕಾದಂಬರಿ ಬರೆದು ಹೆಸರು ಮಾಡಿದವನು. ಹಾಲಿವುಡ್ಡಿನಲ್ಲಿ ಅದು ಒಂದಕ್ಕಿಂತ ಹೆಚ್ಚು ಸಲ ಸಿನಿಮಾ ಆಗಿದೆ. ಅದಕ್ಕೂ ಮುಂಚೆ ಇಂಡಿಯನ್ ಎಜುಕೇಶನಲ್ ಸರ್ವಿಸಿನಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ಕೆಲಸ ಮಾಡಿದ್ದ. ಮಾರ್ಟಿನ್ ಜೊತೆ ಸೇರಿ ಮಾಡಿದ ಈ ವ್ಯಾಕರಣದ ಪುಸ್ತಕ ಬಂದದ್ದು 1930ರ ದಶಕದಲ್ಲಿ. ಮುಖ್ಯವಾಗಿ ಯಾರಿಗೋಸ್ಕರ ಅಂದ್ರೆ, ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗೋಸ್ಕರ. ಈ ಒಂದು ಸಂಗತಿ ಗೊತ್ತಾದ್ರೆ ಸಾಕು, ಪುಸ್ತಕದ ಒಳಗಿನ ಜೋಡಣೆಯೆಲ್ಲ ತಾನಾಗೇ ಅರ್ಥ ಆಗುತ್ತೆ.

ಆ ಮಕ್ಕಳಿಗೆ ಇಂಗ್ಲಿಷ್ ಆಗಲೇ ಬರ್ತಿತ್ತು. ಊಟದ ಮೇಜಿನ ಮೇಲೆ, ಆಯಾಳನ್ನ ಗದರಿಸುವಾಗ, ಕನಸಿನಲ್ಲಿ, ಎಲ್ಲ ಕಡೆ ಇಂಗ್ಲಿಷೇ. ಅವರಿಗೆ ಬೇಕಾಗಿದ್ದದ್ದು ಬರೋ ಭಾಷೆಯನ್ನ ಬಿಡಿಸಿ ನೋಡೋದು, ಇದಕ್ಕೆ ಈ ಹೆಸರು ಅಂತ ಚೀಟಿ ಅಂಟಿಸೋದು. ರೆನ್ ಅಂಡ್ ಮಾರ್ಟಿನ್ ಆ ಕೆಲಸವನ್ನ ಸೊಗಸಾಗಿ ಮಾಡುತ್ತೆ. ವಾಕ್ಯ ಕೊಟ್ಟು ಕರ್ತೃ ಯಾವುದು ಗುರುತಿಸು ಅನ್ನುತ್ತೆ, ಇದನ್ನ ಅದಕ್ಕೆ ತಿರುಗಿಸು ಅನ್ನುತ್ತೆ. ಲೆಕ್ಕದ ಪುಸ್ತಕದ ಹಾಗೆ ಅಚ್ಚುಕಟ್ಟು. ನಾನು ಇವತ್ತಿಗೂ ಯಾವುದಾದ್ರೂ ಇಮೇಲಿನಲ್ಲಿ ಅನುಮಾನ ಬಂದ್ರೆ ಅದನ್ನೇ ತೆಗೆದು ನೋಡೋದು. ಪುಸ್ತಕ ಕೆಟ್ಟದ್ದಲ್ಲ. ಬೈಕು ಓಡಿಸೋಕೆ ಬರೋನಿಗೆ ಎಂಜಿನ್ ಬಿಚ್ಚಿ ತೋರಿಸೋ ಪುಸ್ತಕ ಅದು. ನಾವದನ್ನ ಬೈಕೇ ನೋಡದವರಿಗೆ ಓಡಿಸೋಕೆ ಕಲಿಸುತ್ತೆ ಅಂತ ಕೊಡ್ತಾ ಬಂದಿದ್ದೀವಿ.

ಸ್ವಾತಂತ್ರ್ಯ ಬಂದಮೇಲೆ ಎನ್.ಡಿ.ವಿ. ಪ್ರಸಾದ ರಾವ್ ಅದನ್ನ ಪರಿಷ್ಕರಿಸಿದರು, ಎಸ್. ಚಾಂದ್ ಅವರ ಅಚ್ಚಿನಲ್ಲಿ ಅದು ಮನೆಮನೆಗೆ ಹೋಯ್ತು. ಆದ್ರೆ ಮೂಳೆ ಬದಲಾಗಲಿಲ್ಲ. ಇನ್ನೂ ದೊಡ್ಡ ಸಂಗತಿ ಏನಂದ್ರೆ, ಅದನ್ನ ನೋಡದ ಮೇಷ್ಟ್ರ ತಲೇಲೂ ಅದೇ ಕೂತಿದೆ. ನಮ್ಮ ಗೈಡುಗಳು, ಟ್ಯೂಶನ್ನುಗಳು, ‘ತೊಂಬತ್ತು ದಿನದಲ್ಲಿ ಇಂಗ್ಲಿಷ್’ ಥರದ ಬುಕ್ಕುಗಳು, ಈಗಿನ ಆ್ಯಪುಗಳು ಸುಮಾರಷ್ಟು, ಎಲ್ಲವೂ ಶುರುವಾಗೋದು ‘ನೌನ್ ಈಸ್ ಎ ನೇಮಿಂಗ್ ವರ್ಡ್’ ಇಂದಲೇ.

ಒಂದೇ ಉದಾಹರಣೆ ಸಾಕು. ಪ್ಯಾಸಿವ್ ವಾಯ್ಸ್. ನಾವೆಲ್ಲ ಶಾಲೇಲಿ ರಾಮನಿಂದ ಎಷ್ಟು ಮಾವಿನಹಣ್ಣು ತಿನ್ನಿಸಿದ್ದೀವಿ ಲೆಕ್ಕ ಇಲ್ಲ. ರಾಮ ಹಣ್ಣು ತಿಂದ. ಹಣ್ಣು ರಾಮನಿಂದ ತಿನ್ನಲ್ಪಟ್ಟಿತು. ಇದನ್ನ ಇಂಗ್ಲಿಷಿನಲ್ಲಿ ಮಾಡಿದಮೇಲೆ ಕನ್ನಡ ಪೀರಿಯಡ್ಡಿನಲ್ಲಿ ಕರ್ಮಣಿ ಪ್ರಯೋಗ ಅಂತ ಇನ್ನೊಂದ್ಸಲ ಮಾಡಿದ್ವಿ. ನಿಮ್ಮಜ್ಜಿ ಯಾವತ್ತಾದ್ರೂ ‘ಲ್ಪಟ್ಟಿತು’ ಅಂದಿದ್ದು ಕೇಳಿದ್ದೀರಾ? ಕನ್ನಡಿಗರು ಆಡುಮಾತಿನಲ್ಲಿ ಹಾಗನ್ನೋದೇ ಇಲ್ಲ. ‘ಹಣ್ಣು ರಾಮ ತಿಂದ’ ಅಂತ ಪದ ಹಿಂದೆಮುಂದೆ ಮಾಡ್ತೀವಿ, ಮುಗೀತು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಒಂದು ಇಡೀ ಪುಸ್ತಕವನ್ನೇ ಬರೆದದ್ದು ಇಂಥ ವಿಷಯಕ್ಕೆ. ಸಂಸ್ಕೃತಕ್ಕೆ ಹೊಲಿದ ಅಂಗಿಯನ್ನ ಕನ್ನಡಕ್ಕೆ ತೊಡಿಸಿ, ತೋಳು ಉದ್ದ ಆಯ್ತು ಅಂತ ಕನ್ನಡದ ಕೈಯನ್ನೇ ಎಳೆದಿದ್ದೀವಿ ಅನ್ನೋ ಅರ್ಥದ ವಾದ ಅವರದು. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪದವರಿದ್ದಾರೆ. ಆದ್ರೆ ನನ್ನ ಏಳನೇ ಕ್ಲಾಸಿನ ಮಕ್ಕಳ ಮಟ್ಟಿಗೆ ಅವರ ಮಾತು ಅಪ್ಪಟ ನಿಜ. ಮಕ್ಕಳಿಗೆ ಮನೆಯ ಕನ್ನಡವೇ ಒಂದು, ವ್ಯಾಕರಣದ ಪೀರಿಯಡ್ಡಿನ ಕನ್ನಡವೇ ಇನ್ನೊಂದು. ಹಾಗಾಗಿ ವ್ಯಾಕರಣ ಅಂದ್ರೆ ಬಾಯಲ್ಲಿರೋ ಮಾತಿಗೆ ಸಂಬಂಧ ಇಲ್ಲದ ಯಾವುದೋ ಶಾಸ್ತ್ರ ಅಂತ ಇಂಗ್ಲಿಷಿಗೆ ಮುಂಚೆಯೇ ಅವರು ನಂಬಿಬಿಟ್ಟಿರ್ತಾರೆ.

ಪ್ಯಾಸಿವ್ ಬೇಡ ಅಂತಲ್ಲ. ಇಂಗ್ಲಿಷಿನಲ್ಲಿ ಅದಿಲ್ಲದೆ ಒಂದು ಹೆಜ್ಜೆ ಇಡೋಕಾಗಲ್ಲ. ಎಲ್ಲಿ ಹುಟ್ಟಿದೆ ಅನ್ನೋದೇ ಪ್ಯಾಸಿವ್. ಸೈಕಲ್ ಕಳುವಾಯ್ತು ಅನ್ನೋದು ಪ್ಯಾಸಿವ್. ರಸ್ತೆ ಮುಚ್ಚಿದೆ ಅನ್ನೋ ಬೋರ್ಡೂ ಹಾಗೇ. ಯಾರು ಮಾಡಿದ್ರು ಅಂತ ಗೊತ್ತಿಲ್ಲದಾಗ, ಹೇಳೋಕೆ ಇಷ್ಟ ಇಲ್ಲದಾಗ ಅದು ಬರುತ್ತೆ. ನಮ್ಮ ಮ್ಯಾನೇಜರುಗಳು ‘ಮಿಸ್ಟೇಕ್ಸ್ ವರ್ ಮೇಡ್’ ಅನ್ನೋದು ಸುಮ್ಮನೆ ಅಲ್ಲ. ಹೀಗಿರುವಾಗ ಹಣ್ಣು ತಿಂದವನು ರಾಮ ಅಂತ ಊರಿಗೆಲ್ಲ ಗೊತ್ತಿರೋ ವಾಕ್ಯವನ್ನ ಪ್ಯಾಸಿವ್ ಮಾಡಿಸೋದು, ಅದರ ಉಪಯೋಗ ಏನೂಂತ ಮಗುವಿಗೆ ಯಾವತ್ತೂ ತಿಳೀಬಾರದು ಅಂತ ಪಣ ತೊಟ್ಟ ಹಾಗೆ.

ಹಾಗಾದ್ರೆ ಏನು ಮಾಡೋದು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ನಮ್ಮ ಊರಿನ ಹೆಸರೇ. ‘ಬೆಂಗಳೂರು ಪ್ರಾಜೆಕ್ಟ್’. ಭಾಷೆ ಕಲಿಸೋ ಶಾಸ್ತ್ರ ಓದೋರಿಗೆ ಪ್ರಪಂಚದಲ್ಲಿ ಎಲ್ಲೇ ಹೋದ್ರೂ ಇದು ಗೊತ್ತು. ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಹಾಗಾಗಿ ಬೇರೆಯವರನ್ನ ಅನ್ನೋ ಹಾಗಿಲ್ಲ.

ಎನ್.ಎಸ್. ಪ್ರಭು ಅನ್ನೋರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಇಲ್ಲಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಅಂದ್ರೆ ಈಗ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿರೋ ಸಂಸ್ಥೆ, ಅದರ ಜೊತೆಗೂಡಿ 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಬೆಂಗಳೂರು, ಮದ್ರಾಸು ಸುತ್ತಿನ ಮಾಮೂಲಿ ಶಾಲೆಗಳು. ದೊಡ್ಡ ತರಗತಿಗಳು. ಕರಿಹಲಗೆ, ಸೀಮೆಸುಣ್ಣ ಬಿಟ್ರೆ ಬೇರೆ ಸಲಕರಣೆ ಇಲ್ಲ. ಪ್ರಭು ಅವರ ಊಹೆ ಬಹಳ ಧೈರ್ಯದ್ದು: ಮಗುವಿನ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ಅದರ ಪಾಡಿಗದು ಒಳಗೆ ಕೂಡಿಕೊಳ್ಳುತ್ತೆ. ಆದ್ದರಿಂದ ವ್ಯಾಕರಣದ ಸಿಲಬಸ್ಸೇ ಬೇಡ. ಇವತ್ತು ಈ ಟೆನ್ಸು, ನಾಳೆ ಆ ಟೆನ್ಸು ಅನ್ನೋ ಪಟ್ಟಿ ಬೇಡ. ಬದಲಿಗೆ ತಲೆ ಓಡಿಸಬೇಕಾದ ಕೆಲಸಗಳ ಪಟ್ಟಿ ಸಾಕು. ರೈಲ್ವೆ ಟೈಮ್ ಟೇಬಲ್ ನೋಡಿ ಇಂತಿಂಥ ಊರಿಗೆ ಇಷ್ಟೊತ್ತಿಗೆ ಮುಟ್ಟೋಕೆ ಯಾವ ಗಾಡಿ ಹತ್ತಬೇಕು ಹೇಳು. ನಕಾಶೆ ನೋಡಿ ದಾರಿ ಹೇಳು.

ಅದರಲ್ಲಿ ನನಗೆ ಹಿಡಿಸಿದ್ದು ಕೆಲವು ಪುಟ್ಟಪುಟ್ಟ ತೀರ್ಮಾನಗಳು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಎದುರು ಅಂಥದೇ ಒಂದು ಕೆಲಸವನ್ನ ಪ್ರಶ್ನೆ ಕೇಳ್ತಾ ಮಾಡಿ ತೋರಿಸೋದು, ಆಮೇಲೆ ಮಕ್ಕಳು ಒಬ್ಬೊಬ್ಬರೇ ಇನ್ನೊಂದನ್ನ ಮಾಡೋದು. ಗುಂಪು ಚರ್ಚೆ ಮಾಡಿಸ್ತಿರಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡ್ರೆ ಒಬ್ಬರ ತಪ್ಪು ಇಂಗ್ಲಿಷ್ ಇನ್ನೊಬ್ಬರಿಗೆ ಗಟ್ಟಿಯಾಗುತ್ತೆ ಅನ್ನೋದು ಅವರ ಲೆಕ್ಕ. ಕ್ಲಾಸಿನಲ್ಲಿ ಸುಮಾರು ಅರ್ಧ ಮಂದಿಗೆ ಕೆಲಸದ ಸುಮಾರು ಅರ್ಧ ಸರಿ ಬಂದ್ರೆ ಆ ಕೆಲಸ ಹದವಾಗಿದೆ ಅಂತರ್ಥ. ಎಲ್ಲರಿಗೂ ಎಲ್ಲ ಬಂದ್ರೆ ಅದು ತೀರ ಸುಲಭ ಆಯ್ತು. ಹತ್ತಕ್ಕೆ ಹತ್ತು ನೋಡಿ ಜಂಬಪಟ್ಟ ನನಗೆ ಇದು ಸರಿಯಾಗೇ ತಟ್ಟಿತು.

ಮುಂದಿನ ಶನಿವಾರ ಬೋರ್ಡಿನ ಮೇಲೆ ಊರುಗಳನ್ನ ಬರೆದೆ. ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ನಾನು ಓಡಾಡಿದ ಲೈನು, ನಿದ್ದೆಗಣ್ಣಲ್ಲೂ ಬರೀತೀನಿ. ಮೂರು ರೈಲು, ಕಾಲ್ಪನಿಕ ಟೈಮು. ಕಡೂರಿನಲ್ಲಿ ಹನ್ನೆರಡಕ್ಕೆ ಮದುವೆ ಊಟ, ಯಾವ ರೈಲು ಹತ್ತಬೇಕು? ಇಂಗ್ಲಿಷಿನಲ್ಲೇ ಕೇಳಿದೆ. ಐದು ನಿಮಿಷ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: ‘ಸರ್, ಸೆಕೆಂಡ್ ಟ್ರೇನ್ ನೋ ಸರ್, ಇಟ್ ರೀಚ್ ಲೇಟು, ಊಟ ಓವರ್!’

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ‘ಯೆಸ್, ಇಟ್ ರೀಚಸ್ ಲೇಟ್’ ಅಂದೆ, ಅಷ್ಟೇ. ತಿದ್ದಲಿಲ್ಲ, ಹೆಸರು ಹೇಳಲಿಲ್ಲ. ಮೂರನೇ ವಾರಕ್ಕೆ ನಮ್ಮ ಹತ್ತಕ್ಕೆ ಹತ್ತರ ಹುಡುಗಿ, ನನ್ನ ಕಡೆ ನೋಡದೆ, ಬೋರ್ಡನ್ನೇ ನೋಡ್ತಾ, ‘ಫಸ್ಟ್ ಟ್ರೇನ್ ರೀಚಸ್ ಇಲೆವೆನ್ ಫಾರ್ಟಿ’ ಅಂದಳು. ಯಾವ ಟೆನ್ಸು ಅಂತ ನನ್ನ ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಇದೊಂದು ಚಂದದ ಕತೆ. ಆದ್ರೆ ನಿಲ್ಲಿಸೋ ಹಾಗಿಲ್ಲ. ನಾಲ್ಕು ತಿಂಗಳಾದ ಮೇಲೂ ಕ್ಲಾಸಿನ ಮುಕ್ಕಾಲು ಮಂದಿ ‘ಇಟ್ ರೀಚ್’ ಅಂತಲೇ ಅಂತಿದ್ರು. ಅರ್ಥ ಆಗ್ತಿತ್ತು, ಲೆಕ್ಕ ಸರಿ ಬರ್ತಿತ್ತು, ರೈಲು ಸಿಗ್ತಿತ್ತು. ಒಂದು ‘ಸ್’ ಇಲ್ಲದೇ ಹೋದ್ರೆ ಯಾರ ಮದುವೆ ಊಟವೂ ತಪ್ಪಲ್ಲ ನೋಡಿ. ಅರ್ಥದ ಮೇಲೆ ಮಾತ್ರ ಗಮನ ಇದ್ದಾಗ, ಅರ್ಥಕ್ಕೆ ಅಡ್ಡಿ ಮಾಡದ ತಪ್ಪು ಹಾಗೇ ಕಲ್ಲಾಗಿ ಕೂರುತ್ತೆ. ಪ್ರಭು ಅವರ ಪ್ರಯೋಗದ ಬಗ್ಗೆ ವಿದ್ವಾಂಸರು ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಅನ್ನೋರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲೂ ಫಲಿತಾಂಶ ಎರಡು ಮುಖದ್ದು. ಓದಿ ಅರ್ಥ ಮಾಡಿಕೊಳ್ಳೋದು, ಕೇಳಿ ಬರೆಯೋದು ಇಂಥದರಲ್ಲಿ ಪ್ರಾಜೆಕ್ಟಿನ ಮಕ್ಕಳು ಮುಂದಿದ್ದರು. ವಾಕ್ಯರಚನೆಯ ನೇರ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಯಾವುದನ್ನ ಕಲಿಸಿದ್ರೋ ಅದು ಬಂತು, ಇನ್ನೇನು. ಆಮೇಲೆ, 2000ದಲ್ಲಿ ನಾರಿಸ್ ಮತ್ತು ಒರ್ಟೇಗಾ ಅನ್ನೋರು ಅಲ್ಲಿವರೆಗಿನ ಹತ್ತಾರು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ನಿಯಮವನ್ನ ಬಿಡಿಸಿ ಹೇಳಿದ್ರೆ ಹೇಳದೇ ಇರೋದಕ್ಕಿಂತ ಹೆಚ್ಚು ಪ್ರಯೋಜನ ಆಗುತ್ತೆ ಅಂತ ಕಂಡಿತು. ಆ ಅಧ್ಯಯನಗಳ ಪರೀಕ್ಷೆಗಳು ಬಿಟ್ಟ ಸ್ಥಳ ತುಂಬಿ ಥರದವೇ ಜಾಸ್ತಿ, ಹಾಗಾಗಿ ತಕ್ಕಡಿ ಮೊದಲೇ ಸ್ವಲ್ಪ ವಾಲಿತ್ತು ಅನ್ನೋ ಮಾತೂ ಇದೆ. ಏನೇ ಇರಲಿ, ವ್ಯಾಕರಣ ಹೇಳಲೇಬಾರದು ಅನ್ನೋದು ರೆನ್ ಅಂಡ್ ಮಾರ್ಟಿನ್ನಿನ ಭೂತ ಬಿಡಿಸೋಕೆ ಹೋಗಿ ತಲೆಯನ್ನೇ ತೆಗೆದ ಹಾಗೆ.

ನನ್ನ ತಕರಾರು ವ್ಯಾಕರಣದ ಮೇಲಲ್ಲ. ಎಲ್ಲಿಂದ ಶುರು ಮಾಡ್ತೀವಿ ಅನ್ನೋದರ ಮೇಲೆ. ಮಗುವಿನ ಬಾಯಲ್ಲಿ ಆಗಲೇ ಒಂದು ಪೂರ್ತಿ ವ್ಯಾಕರಣ ಇದೆ. ಅದಕ್ಕೆ ಕನ್ನಡ ಅಂತ ಹೆಸರು. ನಾವು ಅದನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ ಅಂತೀವಿ.

ಆ ‘ಸ್’ ವಿಷಯಾನೇ ತಗೊಳ್ಳಿ. ಒಂದು ದಿನ ಬೋರ್ಡಿನ ಮೇಲೆ ಮಕ್ಕಳ ಕೈಲೇ ಬರೆಸಿದೆ. ಓಡುತ್ತೇನೆ, ಓಡುತ್ತೇವೆ, ಓಡುತ್ತೀಯ, ಓಡುತ್ತೀರಿ, ಓಡುತ್ತಾನೆ, ಓಡುತ್ತಾಳೆ, ಓಡುತ್ತದೆ, ಓಡುತ್ತಾರೆ, ಓಡುತ್ತವೆ. ಒಂಬತ್ತು ಬಾಲ. ಪಕ್ಕದಲ್ಲಿ ಇಂಗ್ಲಿಷಿನದು: ರನ್, ರನ್ಸ್. ಎರಡೇ. ‘ಇಷ್ಟೇನಾ ಸರ್?’ ಅಂದ ಹಿಂದಿನ ಬೆಂಚಿನವನು, ಮೋಸ ಹೋದವನ ಥರ. ಇಷ್ಟೇ ಕಣಯ್ಯ. ನೀನು ಮೂರು ವರ್ಷದವನಿದ್ದಾಗಲೇ ಒಂಬತ್ತು ಬಾಲ ಆಡಿಸ್ತಿದ್ದೆ. ಅವತ್ತಿನಿಂದ ಯಾರಾದ್ರೂ ‘ಇಟ್ ರೀಚ್’ ಅಂದ್ರೆ ಕ್ಲಾಸೇ ‘ಬಾಲ, ಬಾಲ’ ಅಂತ ಕೂಗುತ್ತೆ. ತಪ್ಪು ನಿಂತುಹೋಗಿಲ್ಲ. ಕಡಿಮೆ ಆಗಿದೆ, ಮತ್ತು ಈಗ ಅದು ನಗುವ ತಪ್ಪು.

ಹೀಗೆ ನೋಡ್ತಾ ಹೋದ್ರೆ ನಾವು ಇಂಡಿಯನ್ ಇಂಗ್ಲಿಷ್ ಅಂತ ನಗೋ ಎಷ್ಟೋ ವಾಕ್ಯಗಳು ಅಪ್ಪಟ ಕನ್ನಡ. ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ಯಾಕೆ? ಕನ್ನಡದಲ್ಲಿ ನಿನ್ನೆಯೇ ಬಂದಿದ್ದೀನಿ ಅನ್ನಬಹುದು, ಏನೂ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ನಿನ್ನೆ ಅಂತ ಗಡಿಯಾರ ತೋರಿಸಿದ ಕೂಡಲೇ ‘ಹ್ಯಾವ್’ ಓಡಿಹೋಗುತ್ತೆ. ‘ಐ ಡೋಂಟ್ ನೋ ವೇರ್ ಈಸ್ ಹಿ’ ಯಾಕೆ? ‘ಅವನೆಲ್ಲಿದ್ದಾನೆ’ ಅನ್ನೋದು ಪ್ರಶ್ನೆಯಾಗಿ ಒಂಟಿಯಾಗಿದ್ರೂ, ‘ಅವನೆಲ್ಲಿದ್ದಾನೆ ಗೊತ್ತಿಲ್ಲ’ ಅಂತ ದೊಡ್ಡ ವಾಕ್ಯದೊಳಗೆ ಹೋದ್ರೂ ಕನ್ನಡದಲ್ಲಿ ಒಂದೇ ರೂಪ. ‘ಇವನು ನನ್ನ ತಮ್ಮ’ ಅನ್ನೋದ್ರಲ್ಲಿ ‘ಈಸ್’ ಎಲ್ಲಿದೆ ತೋರಿಸಿ ನೋಡೋಣ. ಮನೇಲಿ, ಬಸ್ಸಲ್ಲಿ, ಸ್ಟಾಪಲ್ಲಿ ಎಲ್ಲಕ್ಕೂ ನಮಗೆ ಒಂದೇ ‘ಅಲ್ಲಿ’. ಅವರಿಗೆ ಇನ್, ಆನ್, ಅಟ್ ಅಂತ ಮೂರು. ಇದನ್ನೆಲ್ಲ ತಪ್ಪು ಅಂತ ಕೆಂಪು ಗೀಟು ಎಳೆಯೋದು ಒಂದು. ‘ನೀನು ಕನ್ನಡದ ರೂಲ್ಸ್ ಸರಿಯಾಗಿ ಹಾಕಿದ್ದೀಯ, ಆದ್ರೆ ಇದು ಬೇರೆ ಊರು’ ಅನ್ನೋದು ಇನ್ನೊಂದು.

ಆರ್ಟಿಕಲ್ಲುಗಳಿಗೆ ನಾನು ಬಹಳ ಹೆದರಿದ್ದೆ. ಕನ್ನಡದಲ್ಲಿ ಅವೇ ಇಲ್ಲವಲ್ಲ ಅಂತ. ಆಮೇಲೆ ಹೊಳೀತು, ಅಜ್ಜಿ ಕತೆ ಶುರುವಾಗೋದು ಹೇಗೆ? ಒಂದೂರಲ್ಲಿ ಒಬ್ಬ ರಾಜ. ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಮೊದಲ ಸಲ ‘ಎ ಕಿಂಗ್’, ಎರಡನೇ ಸಲ ‘ದ ಕಿಂಗ್’. ಎಲ್ಲ ಕಡೆಗೂ ಇದು ಹೊಂದೋದಿಲ್ಲ, ಸೂರ್ಯನಿಗೆ, ಗಂಗಾನದಿಗೆ ಬೇರೆ ಲೆಕ್ಕ. ಆದ್ರೆ ವವೆಲ್ ಇದ್ರೆ ‘ಆ್ಯನ್’, ಇಲ್ಲದಿದ್ರೆ ‘ಎ’ ಅನ್ನೋದರಾಚೆ ಆ ಪದಗಳಿಗೆ ಏನೋ ಕೆಲಸ ಇದೆ ಅಂತ ಮಕ್ಕಳಿಗೆ ಮೊದಲ ಸಲ ಗೊತ್ತಾಯ್ತು. ನಿಜ ಹೇಳ್ಬೇಕಂದ್ರೆ, ನನಗೂ.

ಇನ್ನು ಪದಗಳ ವಿಷಯ. ದಿನಕ್ಕೆ ಹತ್ತು ಪದ, ಒಂದೊಂದನ್ನೂ ಹತ್ತು ಸಲ ಬರಿ, ಎದುರಿಗೆ ಕನ್ನಡ ಅರ್ಥ. ನಾವೆಲ್ಲ ಮಾಡಿದ್ದು ಇದೇ. ಇದರಲ್ಲಿ ಎರಡು ಮೋಸ ಇದೆ. ಒಂದು, ಯಾವ ಹತ್ತು ಅಂತ ಯಾರೂ ಕೇಳಲ್ಲ. ಪಾಠದಲ್ಲಿ ‘ಷೆಪರ್ಡ್’ ಬಂದ್ರೆ ‘ಷೆಪರ್ಡ್’, ‘ಮೆಡೋ’ ಬಂದ್ರೆ ‘ಮೆಡೋ’. ಮೈಕೇಲ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ನೂರು ವರ್ಷದ ಹಿಂದೆ ಢಾಕಾದಲ್ಲಿ ಬಂಗಾಳಿ ಹುಡುಗರಿಗೆ ಪಾಠ ಮಾಡಿಸ್ತಾ ಇದೇ ಪ್ರಶ್ನೆ ಕೇಳಿಕೊಂಡ. ಹೆಚ್ಚಿನ ಹುಡುಗರು ನಡುವಿನಲ್ಲೇ ಶಾಲೆ ಬಿಡ್ತಾರೆ. ಬಿಡೋ ಹೊತ್ತಿಗೆ ಅವರ ಕೈಯಲ್ಲಿ ಉಪಯೋಗಕ್ಕೆ ಬರೋದು ಏನಿರಬೇಕು? ಆ ಚಿಂತೆಯ ದಾರಿಯಲ್ಲೇ 1953ರಲ್ಲಿ ಅವನ ‘ಜನರಲ್ ಸರ್ವಿಸ್ ಲಿಸ್ಟ್’ ಬಂತು. ಸುಮಾರು 2000 ಪದಗಳ ಪಟ್ಟಿ. ಮಾಮೂಲಿ ಬರಹದ ಪ್ರತಿ ಹತ್ತು ಪದದಲ್ಲಿ ಹೆಚ್ಚುಕಡಿಮೆ ಎಂಟು ಆ ಪಟ್ಟಿಯವೇ. ಪಟ್ಟಿ ಈಗ ಹಳತಾಗಿದೆ, ಹೊಸವು ಬಂದಿವೆ, ಪ್ರಶ್ನೆ ಮಾತ್ರ ಹಳತಾಗಿಲ್ಲ. ಜೊತೆಗೆ, ಒಂದು ಪುಟವನ್ನ ಯಾರ ನೆರವೂ ಇಲ್ಲದೆ ಓದಿಕೊಂಡು ಹೋಗಬೇಕಾದ್ರೆ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಪಾಲ್ ನೇಶನ್ ಥರದ ಸಂಶೋಧಕರು ಹೇಳ್ತಾರೆ. ನಮ್ಮ ಏಳನೇ ಕ್ಲಾಸಿನ ಇಂಗ್ಲಿಷ್ ಪಠ್ಯದ ಒಂದು ಪುಟ ತೆಗೆದು, ಗೊತ್ತಿಲ್ಲದ ಪದಕ್ಕೆ ಗೀಟು ಹಾಕಿ ಅಂದೆ. ಕೆಲವರ ಪುಟ ಪೂರ್ತಿ ಗೀಟೇ. ಓದು ಅಂತ ನಾವು ಅವರ ಕೈಗೆ ಕೊಡ್ತಿರೋದು ಓದೋ ವಸ್ತು ಅಲ್ಲ, ಕಂಪ್ಯೂಟರಿನ ಪಾಸ್‌ವರ್ಡು.

ಎರಡನೇ ಮೋಸ ಆ ಕನ್ನಡ ಅರ್ಥದ್ದು. ‘ಪುಟ್’ ಅಂದ್ರೆ ಹಾಕು ಅಂತ ಬರೆಸ್ತೀವಿ. ಈಗ ಕನ್ನಡದ ‘ಹಾಕು’ ಏನೇನು ಮಾಡುತ್ತೆ ನೋಡಿ. ಬಟ್ಟೆ ಹಾಕು, ಲೈಟ್ ಹಾಕು, ಬೀಗ ಹಾಕು, ಊಟ ಹಾಕು, ಸೈನ್ ಹಾಕು, ರಜೆ ಹಾಕು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಕ್ರಿಯಾಪದ. ‘ಹೊಡೆ’ಯಂತೂ ಕೇಳೋದೇ ಬೇಡ. ಬಣ್ಣ ಹೊಡೀತೀವಿ, ಸೀಟಿ ಹೊಡೀತೀವಿ, ನಿದ್ದೆ ಹೊಡೀತೀವಿ, ಹರಟೆ ಹೊಡೀತೀವಿ, ಟಿಕೆಟ್ಟಿಗೆ ದುಡ್ಡಿಲ್ಲದಿದ್ರೆ ಡೂಪ್ ಹೊಡೀತೀವಿ. ‘ಐ ಆ್ಯಮ್ ಬೀಟಿಂಗ್ ಸ್ಲೀಪ್’ ಅಂತ ಒಬ್ಬ ಬರೆದಾಗ ನಾನು ಅದನ್ನ ಬೋರ್ಡಿನ ಮೇಲೆ ಚೌಕಟ್ಟು ಹಾಕಿ ಇಟ್ಟೆ. ಪದವನ್ನ ಒಂಟಿಯಾಗಿ ಕೊಟ್ರೆ ಮಗು ಇನ್ನೇನು ಮಾಡುತ್ತೆ? ಜೊತೆಗಾರರ ಸಮೇತ ಕೊಡಬೇಕು. ಲೈಟ್ ಜೊತೆ ಯಾರು ಬರ್ತಾರೆ, ಬೀಗದ ಜೊತೆ ಯಾರು ಬರ್ತಾರೆ. ಮತ್ತೆ ಆ ಜೋಡಿ ವಾರವಾರ ಎದುರಾಗ್ತಿರಬೇಕು. ಒಂದೇ ದಿನ ಹತ್ತು ಸಲ ಬರೆದದ್ದು ಕೈಗೆ ವ್ಯಾಯಾಮ, ಅಷ್ಟೇ.

ಮತ್ತೆ, ಈ ಮಕ್ಕಳಿಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲ ಅನ್ನೋದೂ ಸುಳ್ಳು. ಒಂದು ಪೀರಿಯಡ್ ಪೂರ್ತಿ, ನಿಮ್ಮ ಮನೇಲಿ ಆಡೋ ಇಂಗ್ಲಿಷ್ ಪದ ಹೇಳಿ ಅಂತ ಕೂತೆ. ಬಸ್ಸು, ಲೇಟು, ಚಾರ್ಜರು, ಕರೆಂಟು, ಟೆನ್ಷನ್ನು, ಶುಗರ್ರು, ಸೆಂಟ್ರಿಂಗು, ಕಾಂಕ್ರೀಟು, ಪೇಮೆಂಟು, ಅಡ್ವಾನ್ಸು, ಓನರ್ರು. ಬೋರ್ಡು ತುಂಬಿ ಗೋಡೆಗೆ ಚಾರ್ಟ್ ಅಂಟಿಸಬೇಕಾಯ್ತು. ಪೇಮೆಂಟು, ಅಡ್ವಾನ್ಸು ಹೇಳಿದ ಮಕ್ಕಳಿಗೆ ಅವುಗಳ ಅರ್ಥ ನನಗಿಂತ ಚೆನ್ನಾಗಿ ಗೊತ್ತು. ಇವರ ತಲೆ ಖಾಲಿ ಮಡಕೆ ಅಂತ ತಿಳಿದು ‘ಎ ಫಾರ್ ಆ್ಯಪಲ್’ ಸುರಿಯೋಕೆ ಹೋಗಿದ್ನಲ್ಲ ನಾನು.

ಇದನ್ನೆಲ್ಲ ನಿಮಗೆ ಯಾಕೆ ಹೇಳ್ತಿದ್ದೀನಿ ಅಂದ್ರೆ, ನನ್ನ ಹಾಗೇ ಶನಿವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಹೋಗೋರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನಮ್ಮ ಉದ್ದೇಶ ಒಳ್ಳೇದೇ. ಆದ್ರೆ ನಾವು ಇಂಗ್ಲಿಷಿನಿಂದ ಗಾಯಗೊಂಡವರು, ಮತ್ತು ಆ ಗಾಯ ಮಾಡಿದ ಚಾಕುವನ್ನೇ ಉಡುಗೊರೆ ಅಂತ ತಗೊಂಡು ಹೋಗ್ತೀವಿ. ಆಫೀಸಿನ ಗ್ರೂಪಿನಲ್ಲಿ ಯಾರಾದ್ರೂ ‘ಡಿಸ್ಕಸ್ ಅಬೌಟ್’ ಅಂದ್ರೆ ಸ್ಕ್ರೀನ್‌ಶಾಟ್ ತೆಗೆದು ನಗೋರು ನಾವು. ತಪ್ಪಿಲ್ಲದ ಇಂಗ್ಲಿಷ್ ಅನ್ನೋದು ನಮಗೆ ಭಾಷೆ ಅಲ್ಲ, ಗೇಟ್ ಪಾಸು. ಒಳಗೆ ಬಂದಮೇಲೆ ಹಿಂದೆ ಬರೋರ ಪಾಸನ್ನ ವಾಚ್‌ಮನ್‌ಗಿಂತ ಜೋರಾಗಿ ತಪಾಸಣೆ ಮಾಡೋರು ನಾವೇ.

ಹೋದ ವಾರ ಆ ಹುಡುಗಿ ಒಂದು ಚೀಟಿ ಕೊಟ್ಟಳು. ನಾನು ಕೇಳಿರಲಿಲ್ಲ, ಅವಳೇ ಬರೆದದ್ದು. ಕನ್ನಡ ಅಕ್ಷರಕ್ಕೆ ಇಳಿಸಿದ್ರೆ ಹೀಗಿತ್ತು: ‘ಸರ್, ನೆಕ್ಸ್ಟ್ ಸ್ಯಾಟರ್ಡೇ ಐ ನಾಟ್ ಕಮ್. ಮದರ್ ಗೋಸ್ ಟು ಯಾದಗಿರಿ. ಐ ಸೀ ಮೈ ಬ್ರದರ್. ಡೋಂಟ್ ಡೂ ನ್ಯೂ ಲೆಸನ್.’ ಮೊದಲ ವಾಕ್ಯದಲ್ಲಿ ಕ್ರಿಯಾಪದದ ಅರ್ಧ ಇಲ್ಲ. ‘ಸೀ’ ಅಂದ್ರೆ ನೋಡಿಕೊಳ್ಳೋದು, ಕನ್ನಡದ ‘ನೋಡು’ ಅಲ್ಲಿ ಇಣುಕ್ತಿದೆ. ‘ಗೋಸ್’ನ ಬಾಲ ಮಾತ್ರ ಖಡಕ್ಕಾಗಿ ಕೂತಿದೆ. ನಾಲ್ಕನೇ ವಾಕ್ಯ ಅಪ್ಪಣೆ. ನಾನು ಪೆನ್ನು ತೆಗೆಯಲಿಲ್ಲ. ‘ಓಕೆ, ಐ ವಿಲ್ ನಾಟ್ ಡೂ ಎ ನ್ಯೂ ಲೆಸನ್. ಯೂ ಲುಕ್ ಆಫ್ಟರ್ ಯುವರ್ ಬ್ರದರ್’ ಅಂತ ಕೆಳಗೆ ಬರೆದು ವಾಪಸ್ ಕೊಟ್ಟೆ. ‘ಲುಕ್ ಆಫ್ಟರ್’ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು.

ಆಮೇಲೆ ಬಾಗಿಲ ಹತ್ರ ನಿಂತು ತಿರುಗಿ ಕೇಳಿದಳು, ‘ಸರ್, ಪರೀಕ್ಷೇಲಿ ವಾಯ್ಸ್ ಚೇಂಜ್ ಬರುತ್ತಂತೆ. ಅದು ಯಾವಾಗ ಮಾಡ್ತೀರಿ?’

ಬರುತ್ತೆ. ಅದಕ್ಕೆ ಅಂಕ ಇದೆ. ಅವಳು ಊರಿಂದ ಬಂದಮೇಲೆ ಮಾಡ್ತೀನಿ ಅಂದಿದ್ದೀನಿ. ಸೈಕಲ್ ಕಳುವಾದ ಕತೆಯಿಂದ ಶುರು ಮಾಡಿ ಕೊನೆಯ ಹದಿನೈದು ನಿಮಿಷ ರಾಮನ ಮಾವಿನಹಣ್ಣಿಗೆ ಇಟ್ಟುಕೊಂಡಿದ್ದೀನಿ. ಕೆಂಪು ಪುಸ್ತಕ ಬ್ಯಾಗಿನಲ್ಲಿದೆ.